ಐದು ಗೆರೆ ಓದಬಲ್ಲಿರಾ?

ಹಾಡು ಕೇಳುವಾಗ ನಮ್ಮ ಕಿವಿಯೆಲ್ಲ ಗಾಯಕರ ಕಡೆಗೇ. ಪಲ್ಲವಿ ಮುಗಿದು ಚರಣ ಶುರುವಾಗುವ ಮುಂಚೆ ಇಪ್ಪತ್ತು ಮೂವತ್ತು ಪಿಟೀಲು ಒಟ್ಟಿಗೆ ಎದ್ದು ಬರುತ್ತಲ್ಲ, ಆ ಜಾಗ ಸ್ವಲ್ಪ ನೆನಪು ಮಾಡ್ಕೊಳ್ಳಿ. ಅಷ್ಟು ಕಮಾನು ಒಂದೇ ಕ್ಷಣಕ್ಕೆ ಮೇಲೆ, ಒಂದೇ ಕ್ಷಣಕ್ಕೆ ಕೆಳಗೆ! ಅವರಲ್ಲಿ ಎಷ್ಟೋ ಜನ ಆ ದಿನ ಬೆಳಿಗ್ಗೆ ಸ್ಟುಡಿಯೋಗೆ ಬರುವ ತನಕ ಆ ಹಾಡನ್ನೇ ಕೇಳಿದವರಲ್ಲ. ಬಾಯಿಪಾಠ ಮಾಡಿಸಿದ್ದು ಯಾರು?

ಯಾರೂ ಇಲ್ಲ ಸ್ವಾಮಿ! ಎದುರಿಗೆ ಒಂದು ಹಾಳೆ ಇತ್ತು. ಓದಿದರು, ನುಡಿಸಿದರು. ಅಷ್ಟೇ.

ಆ ಹಾಳೆಯೇ ನೊಟೇಶನ್. 1960-70ರ ದಶಕಗಳಲ್ಲಿ ಕನ್ನಡ ಹಾಡುಗಳ ರೆಕಾರ್ಡಿಂಗ್ ಬಹುಪಾಲು ಮದ್ರಾಸಿನಲ್ಲೇ. ಗಾಯಕರು, ವಾದ್ಯದವರು ಎಲ್ಲ ಒಟ್ಟಿಗೆ ಕೂತು ಒಂದೇ ಟೇಕಿನಲ್ಲಿ ಮುಗಿಸಬೇಕು. ಒಬ್ಬರ ಬೆರಳು ತಪ್ಪಿದರೂ ಎಲ್ಲರೂ ಮತ್ತೆ ಮೊದಲಿಂದ. ಸ್ಟುಡಿಯೋ ಬಾಡಿಗೆ ಏರುತ್ತಲೇ ಇರುತ್ತೆ, ನಿರ್ಮಾಪಕರ ಮುಖ ಇಳಿಯುತ್ತಲೇ ಇರುತ್ತೆ. ಇಂಥಾ ಕಡೆ ಹಾಳೆ ನೋಡಿದ ಕೂಡಲೇ ನುಡಿಸುವವನಿಗೆ ಕರೆ ಮೇಲೆ ಕರೆ. ಎಷ್ಟೇ ವಿದ್ವತ್ತಿದ್ದರೂ ಓದಲು ಬಾರದವನಿಗೆ ಆ ಸಾಲಿನಲ್ಲಿ ಕುರ್ಚಿ ಸಿಗುವುದು ಕಷ್ಟ. ಅನ್ನದ ಪ್ರಶ್ನೆ ಅದು.

ಬೊಂಬಾಯಿಯಲ್ಲಿ ಈ ಕುರ್ಚಿಗಳನ್ನು ಹಿಡಿದವರು ಹೆಚ್ಚಾಗಿ ಗೋವಾದವರು. ಯಾಕೆ? ಅಲ್ಲಿ ಚರ್ಚಿನ ಶಾಲೆಗಳಲ್ಲಿ ಹುಡುಗರಿಗೆ ಅಕ್ಷರದ ಜೊತೆಗೇ ಐದು ಗೆರೆಯ ಪಾಠವೂ ಆಗ್ತಿತ್ತು. ಶಂಕರ್-ಜೈಕಿಶನ್ ಅವರ ರಾಗಗಳಿಗೆ ವಾದ್ಯ ಹೊಂದಿಸುತ್ತಿದ್ದ ಸೆಬಾಸ್ಟಿಯನ್ ಡಿಸೋಜಾ ಗೋವಾದವರೇ. ಪ್ಯಾರೇಲಾಲರಿಗೆ ಪಿಟೀಲು ಕಲಿಸಿದ ಆಂಟನಿ ಗೊನ್ಸಾಲ್ವಿಸ್ ಕೂಡ ಅಲ್ಲಿಯವರೇ. 1977ರ ‘ಅಮರ್ ಅಕ್ಬರ್ ಆಂಟನಿ’ಯಲ್ಲಿ ಅಮಿತಾಭ್ ಮೊಟ್ಟೆಯಿಂದ ಹೊರಬಂದು ಹೇಳ್ತಾರಲ್ಲ, ಆ ಹೆಸರು ಈ ಮೇಷ್ಟರದು. ಹೀಗೆ ನೆನಪಾದ ಪುಣ್ಯವಂತರು ಕೆಲವರು. ಉಳಿದವರ ಹೆಸರು ತೆರೆಯ ಮೇಲೆ ಬರಲೇ ಇಲ್ಲ.

ದಕ್ಷಿಣಕ್ಕೆ ಬನ್ನಿ. ಪಣ್ಣೈಪುರಂ ಎಂಬ ಹಳ್ಳಿಯಿಂದ ಮದ್ರಾಸಿಗೆ ಬಂದ ಒಬ್ಬ ಯುವಕ. ಕಾಲೇಜು ಮೆಟ್ಟಿಲು ಹತ್ತಿದವರಲ್ಲ. ಧನರಾಜ್ ಮಾಸ್ಟರ್ ಹತ್ತಿರ ಕೂತು ಐದು ಗೆರೆ ಕಲಿತರು. ನಮ್ಮ ‘ಕಸ್ತೂರಿ ನಿವಾಸ’, ‘ಬಂಗಾರದ ಮನುಷ್ಯ’ಗಳಿಗೆ ರಾಗ ಕೊಟ್ಟ ಜಿ.ಕೆ. ವೆಂಕಟೇಶ್ ಅವರಿಗೆ ಸಹಾಯಕರಾಗಿ ಅನೇಕ ಕನ್ನಡ ಚಿತ್ರಗಳಲ್ಲಿ ದುಡಿದರು. 1976ರಲ್ಲಿ ‘ಅನ್ನಕ್ಕಿಳಿ’ ಬಂತು. ಆ ಯುವಕನೇ ಇಳಯರಾಜಾ! 2005ರಲ್ಲಿ ಅವರ ‘ತಿರುವಾಸಗಂ’ಗೆ ನುಡಿಸಿದ್ದು ಹಂಗೇರಿಯ ಬುಡಾಪೆಸ್ಟಿನ ವಾದ್ಯವೃಂದ. ಅವರದು ಹಂಗೇರಿ ಭಾಷೆ, ಹಾಡಿನದು ತಮಿಳು. ನಡುವೆ ಮಾತಾಡಿದ್ದು ಹಾಳೆ ಮಾತ್ರ. 2025ರ ಮಾರ್ಚ್ 8ರಂದು ಲಂಡನ್ನಿನಲ್ಲಿ ಅವರ ಸಿಂಫನಿ ‘ವೇಲಿಯಂಟ್’ ಮೊಳಗಿತು. ಪಿಯುಸಿ ನಡುವೆ ಬಿಟ್ಟ ಈ ಅಂಕಣಕಾರನಿಗೆ ಈ ಕಥೆ ಎಷ್ಟು ಸಲ ಹೇಳಿದರೂ ಸಾಕಾಗಲ್ಲ.

ಹಾಗಾದರೆ ಇದು ಬ್ರಹ್ಮವಿದ್ಯೆಯೋ? ಖಂಡಿತಾ ಅಲ್ಲ. ಐದು ಗೆರೆ, ನಡುವೆ ನಾಲ್ಕು ಖಾಲಿ ಜಾಗ. ಸ್ವರಗಳಿಗೆ ಎ ಇಂದ ಜಿ ತನಕ ಏಳೇ ಹೆಸರು. ಪಿಟೀಲಿನ ಶೀಟಿನಲ್ಲಿ ಕೆಳಗಿನಿಂದ ಮೇಲಕ್ಕೆ ಗೆರೆಗಳು ಇ, ಜಿ, ಬಿ, ಡಿ, ಎಫ್. ಖಾಲಿ ಜಾಗಗಳು ಎಫ್, ಎ, ಸಿ, ಇ. ಕಾಳು ಮೇಲೆ ಕೂತಷ್ಟೂ ಸ್ವರ ಮೇಲೆ. ಇನ್ನು ಲೆಕ್ಕ: ಬಾಲವಿಲ್ಲದ ಟೊಳ್ಳು ಕಾಳಿಗೆ ನಾಲ್ಕು ಎಣಿಕೆ, ಬಾಲ ಬಂದರೆ ಎರಡು, ಕಾಳು ಕಪ್ಪಾದರೆ ಒಂದು, ಬಾಲಕ್ಕೆ ಬಾವುಟ ಕಟ್ಟಿದರೆ ಅರ್ಧ. ಅಡ್ಡಗೆರೆಗಳನ್ನು ಕಡಿಯುವ ನೆಟ್ಟ ಗೆರೆ ನಮ್ಮ ತಾಳದ ಆವರ್ತದ ಹಾಗೆ.

ಸರಳೆ ವರಸೆ ಕಲಿತ ಅಕ್ಕ-ತಂಗಿಯರೇ, ನೀವು ಆಗಲೇ ಅರ್ಧ ದಾರಿ ಬಂದಿದ್ದೀರಿ! ‘ಸರಿಗಮ’ದ ಮೇಲೆ ಚುಕ್ಕಿ ಇಟ್ಟರೆ ತಾರಸ್ಥಾಯಿ, ಕೆಳಗಿಟ್ಟರೆ ಮಂದ್ರ, ಒಂದು ಅಲ್ಪವಿರಾಮ ಹಾಕಿದರೆ ಒಂದಕ್ಷರ ಕಾರ್ವೆ. ಅದೂ ನೊಟೇಶನ್ನೇ ಅಲ್ವೇ? ಒಂದೇ ಒಂದು ಎಡವುವ ಜಾಗ ಇದೆ. ನಮ್ಮ ‘ಸ’ ಹಾಡುವವರ ಶ್ರುತಿಯ ಜೊತೆ ಜಾಗ ಬದಲಿಸುತ್ತೆ. ಶೀಟಿನ ‘ಸಿ’ ಯಾರು ಹಾಡಿದರೂ ಕದಲಲ್ಲ. ಇದು ತಲೆಗೆ ಹೋದರೆ ಗೆದ್ದಿರಿ.

ಹಾಗಂತ ಹಾಳೆಯೇ ಸಂಗೀತ ಅಲ್ಲ. ತೋಡಿಯ ಗಾಂಧಾರ ಹೇಗೆ ಅಲುಗುತ್ತೆ ಅನ್ನೋದನ್ನು ಯಾವ ಗೆರೆಯೂ ಪೂರ್ತಿ ಹೇಳದು. ಅದಕ್ಕೆ ಗುರುವಿನ ಬಾಯಿ, ನಿಮ್ಮ ಕಿವಿ ಬೇಕೇ ಬೇಕು. ಅಡಿಗೆ ಪುಸ್ತಕ ಓದಿದ ಮಾತ್ರಕ್ಕೆ ಕೈರುಚಿ ಬಂದೀತೇ? ಆದರೆ ಓದಲು ಬಂದವರಿಗೆ ಪಕ್ಕದ ಮನೆಯ ಸಾರೂ ಗೊತ್ತಾಗುತ್ತೆ!

ಈಗ ಕಾಲ ಬದಲಾಗಿದೆ. ಮೂವತ್ತು ಪಿಟೀಲಿನ ಕೆಲಸವನ್ನು ಒಂದು ಕೀಬೋರ್ಡ್, ಒಂದು ಕಂಪ್ಯೂಟರ್ ಮಾಡುತ್ತವೆ. ಎಷ್ಟೋ ಕುರ್ಚಿಗಳು ಖಾಲಿಯಾದವು. ಆ ನೋವು ಸಣ್ಣದಲ್ಲ. ಆದರೂ ನಿಜವಾದ ವಾದ್ಯವೃಂದ ಬೇಕೆಂದಾಗ ನಮ್ಮವರು ಸಮುದ್ರ ದಾಟಿ ಹೋಗುತ್ತಾರೆ, ಹಾಳೆ ಓದುವವರನ್ನು ಹುಡುಕಿಕೊಂಡು. ಆ ಕೆಲಸ ನಮ್ಮ ದಾವಣಗೆರೆ, ಹಾಸನದ ಹುಡುಗ ಹುಡುಗಿಯರಿಗೆ ಯಾಕೆ ಸಿಗಬಾರದು?

ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುವ ತಮ್ಮಂದಿರೇ, ಕಿವಿಯಿಂದ ಕಲಿತದ್ದು ನಿಮ್ಮ ಆಸ್ತಿ, ಬಿಡಬೇಡಿ. ಜೊತೆಗೆ ದಿನಕ್ಕೆ ಅರ್ಧ ಗಂಟೆ ಐದು ಗೆರೆಗೂ ಕೊಡಿ. ಲಂಡನ್ನಿನ ಟ್ರಿನಿಟಿ ಕಾಲೇಜಿನ ಸಂಗೀತ ಪರೀಕ್ಷೆಗೆ ಬೆಂಗಳೂರಿನಿಂದಲೇ ಕೂರಬಹುದು. ವಯಸ್ಸಿನ ಮಿತಿ ಇಲ್ಲ, ಮೊದಲ ಗ್ರೇಡಿಗೆ ಮಾರ್ಕ್ಸ್ ಕಾರ್ಡ್ ಯಾರೂ ಕೇಳಲ್ಲ.

ಮುಂದಿನ ಸಲ ಹಾಡು ಕೇಳುವಾಗ ಪಿಟೀಲುಗಳು ಎದ್ದ ತಕ್ಷಣ ಒಂದು ನಿಮಿಷ ಗಾಯಕರನ್ನು ಬಿಡಿ. ಹೆಸರಿಲ್ಲದ ಆ ಓದುಗರಿಗೆ ಒಂದು ಸಲಾಂ ಹಾಕಿ. ಬರಲೇ?