ಎರಡು ಮಿಲಿಮೀಟರ್ ಲೆಕ್ಕ

ಮೊನ್ನೆ ಮಧ್ಯರಾತ್ರಿ ಅವ್ವನ ಕೋಣೆಯಿಂದ ಸ್ಟೀಲ್ ತಟ್ಟೆ ಬಿದ್ದ ಸದ್ದು. ಓಡಿ ಹೋಗಿ ದೀಪ ಹಾಕಿದರೆ, ಅವ್ವ ಮಂಚದ ಅಂಚು ಹಿಡಿದು ನಿಂತಿದ್ದಳು. ನೆಲದ ತುಂಬ ಮಾತ್ರೆ, ಕನ್ನಡಕ, ಅಡಿಕೆ ಚೂರು. ಕಾಲಿಗೆ ತಟ್ಟೆ ತಾಗಿತ್ತು. ಪುಣ್ಯಕ್ಕೆ ಬಿದ್ದಿರಲಿಲ್ಲ.

ಮಂಚದ ಪಕ್ಕದಲ್ಲೇ ನಾನು ಕೈಯಾರೆ ಮಾಡಿದ ಕ್ಯಾಬಿನೆಟ್ ಇದೆ. ಅದಕ್ಕೆ ಮೂರು ಡ್ರಾಯರ್. "ಇದನ್ನೆಲ್ಲಾ ಡ್ರಾಯರ್‌ನಾಗ ಯಾಕ ಇಟ್ಟಿಲ್ಲವ್ವಾ?" ಅಂದೆ. "ಇರಲಿ ಬಿಡಪ್ಪಾ, ಕೆಳಗ ಇದ್ರ ಕೈಗೆ ಸಿಗತಾವ" ಅಂದಳು. ನಿಜ ಹೇಳಿದ್ದು ನನ್ನ ಹೆಂಡತಿ. "ಅತ್ತಿ ಕೈಲೆ ಅದನ್ನ ಎಳಿಯಾಕ ಆಗಂಗಿಲ್ಲ. ಎರಡು ತಿಂಗಳಾತು ಮುಟ್ಟಿಲ್ಲ. ನಿಮಗ ಬ್ಯಾಸರ ಆಗತೈತಿ ಅಂತ ಹೇಳಿಲ್ಲ ಅಷ್ಟ."

ಅಪ್ಪ ಹೋದ ಮೇಲೆ ಗದಗದಿಂದ ಪುಣೆಗೆ ಬಂದ ಅವ್ವನಿಗೆ ಇಲ್ಲಿ ತನ್ನದು ಅಂತ ಇರಲಿ ಎಂದು ಮಾಡಿದ ಕ್ಯಾಬಿನೆಟ್ ಅದು. ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್‌ನಿಂದ 18 ಮಿ.ಮೀ. ಪ್ಲೈವುಡ್ ತಂದು, ನಾಲ್ಕು ಭಾನುವಾರ ಬಾಲ್ಕನಿಯಲ್ಲಿ ಕೂತು ಮಾಡಿದ್ದೆ. ಬಂದವರಿಗೆಲ್ಲ ತೋರಿಸಿಯೂ ಇದ್ದೆ. ಡ್ರಾಯರ್ ಸ್ವಲ್ಪ ಬಿಗಿ ಎಂದು ಗೊತ್ತಿತ್ತು. ಮಳೆಗಾಲ, ಪ್ಲೈ ಉಬ್ಬಿರಬೇಕು, ತಾನೇ ಸರಿಹೋಗುತ್ತದೆ ಅಂದುಕೊಂಡಿದ್ದೆ. ಊರಿನ ಮನೆಯ ಹಳೇ ಮೇಜಿನ ಖಾನೆಯೂ ಮಳೆಗಾಲದಲ್ಲಿ ಹಾಗೇ ಹಿಡಿದುಕೊಳ್ಳುತ್ತಿತ್ತು. ಅಪ್ಪ ಅದಕ್ಕೆ ಮೇಣಬತ್ತಿ ತಿಕ್ಕುತ್ತಿದ್ದರು. ಆದರೆ ಅದು ಮರದ ಮೇಲೆ ಮರ ಜಾರುವ ಖಾನೆ. ನಾನು ಹಾಕಿದ್ದು ಟೆಲಿಸ್ಕೋಪಿಕ್ ಚಾನಲ್. ಒಳಗೆ ಉಕ್ಕಿನ ಗುಂಡುಗಳು ಉರುಳಬೇಕು. ಅದಕ್ಕೆ ಮೇಣದ ಮದ್ದು ನಡೆಯುವುದಿಲ್ಲ.

ನಮ್ಮ ಸೊಸೈಟಿಯಲ್ಲಿ ಒಂದು ಫ್ಲ್ಯಾಟಿನ ಕೆಲಸ ನಡೆದಿತ್ತು. ಅಲ್ಲಿನ ರಾಜಸ್ಥಾನದ ಮಿಸ್ತ್ರಿಯನ್ನು ಕರೆದು ತೋರಿಸಿದೆ. ಆತ ಡ್ರಾಯರನ್ನು ಒಮ್ಮೆ ಎಳೆದ. ಟೇಪ್ ಹಿಡಿದ. ಆಮೇಲೆ ಕ್ಯಾಬಿನೆಟ್ಟಿನ ಒಳಗೋಡೆಯನ್ನು ಉಗುರಿನಿಂದ ತಟ್ಟಿ, "ಸನ್ಮೈಕಾ ಲೆಕ್ಕಕ್ಕೆ ಹಿಡಿದಿದ್ದೀರಾ?" ಎಂದು ಹಿಂದಿಯಲ್ಲಿ ಕೇಳಿದ.

ಹಿಡಿದಿರಲಿಲ್ಲ. ಲೆಕ್ಕ ಹೀಗಿತ್ತು. ಕ್ಯಾಬಿನೆಟ್ಟಿನ ಒಳ ಅಗಲ 414 ಮಿ.ಮೀ. ಒಂದೊಂದು ಚಾನಲ್ಲಿನ ದಪ್ಪ ಅರ್ಧ ಇಂಚು, ಮಿಸ್ತ್ರಿಗಳ ಭಾಷೆಯಲ್ಲಿ ನಾಲ್ಕು ಸೂತ್. ಎರಡೂ ಬದಿಗೆ ಸೇರಿ 25.4 ಮಿ.ಮೀ. ನಾನು 26 ಬಿಟ್ಟು, ಡ್ರಾಯರಿನ ಹೊರ ಅಗಲ 388ಕ್ಕೆ ಕೊಯ್ಸಿದ್ದೆ. ಅಲ್ಲಿಯವರೆಗೆ ತಪ್ಪಿಲ್ಲ. ಆಮೇಲೆ ಚಂದ ಕಾಣಲಿ ಎಂದು ಕ್ಯಾಬಿನೆಟ್ಟಿನ ಒಳಗೋಡೆ ಎರಡಕ್ಕೂ ಒಂದೊಂದು ಮಿ.ಮೀ. ಸನ್ಮೈಕಾ ಅಂಟಿಸಿದೆ. ಉಳಿದ ಜಾಗ 24. ಚಾನಲ್ಲಿಗೆ ಬೇಕಾದದ್ದು 25.4. ಬಲವಂತವಾಗಿ ನೂಕಿದ್ದರಿಂದ ಡ್ರಾಯರ್ ಒಳಗೆ ಹೋಗಿತ್ತು, ಅಷ್ಟೇ. ಗುಂಡುಗಳು ಉರುಳುವ ಬದಲು ಉಜ್ಜುತ್ತಿದ್ದವು. ನನ್ನ ತೋಳಿಗೆ ಅದು 'ಸ್ವಲ್ಪ ಬಿಗಿ'. ಸಂಧಿವಾತದ ಬೆರಳಿಗೆ ಬೀಗ ಹಾಕಿದ ಹಾಗೆ.

"ಸಡಿಲಿದ್ದರೆ ಹಿಂದೆ ಸನ್ಮೈಕಾ ಚೂರು ಇಟ್ಟು ತುಂಬಬಹುದು. ಬಿಗಿಯಿದ್ದರೆ ಕೊಯ್ಯಲೇಬೇಕು" ಅಂದ ಮಿಸ್ತ್ರಿ. ಮೂರೂ ಡ್ರಾಯರ್ ಬಿಚ್ಚಿ, ಮುಂದಿನ, ಹಿಂದಿನ ಹಲಗೆ ಮತ್ತು ತಳವನ್ನು ಎರಡೆರಡು ಮಿ.ಮೀ. ಕೊಯ್ದುಕೊಟ್ಟ. ಜೋಡಿಸುವ ಕೆಲಸ ನನಗೇ ಬಿಟ್ಟ.

ಮನೆಯಲ್ಲಿ ಇಂಥ ಕೆಲಸಕ್ಕೆ ಕೈಹಾಕುವವರಿಗಾಗಿ, ಈ ಸಲ ನಾನು ಮಾಡಿದ್ದನ್ನು ಹೇಳುತ್ತೇನೆ. ಡ್ರಾಯರ್ ಪೆಟ್ಟಿಗೆ ಜೋಡಿಸಿದ ಮೇಲೆ ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆಯಿರಿ. ಎರಡು ಅಳತೆ ಒಂದೇ ಬರಬೇಕು. ಬರದಿದ್ದರೆ ಪೆಟ್ಟಿಗೆ ಸೊಟ್ಟಗಿದೆ, ಅಂಟು ಒಣಗುವ ಮುನ್ನ ಸರಿಮಾಡಿ. ಚಾನಲ್ ಪೂರ್ತಿ ಎಳೆದರೆ ಒಂದು ಕಪ್ಪು ಪ್ಲಾಸ್ಟಿಕ್ ನಾಲಿಗೆ ಕಾಣುತ್ತದೆ. ಅದನ್ನು ಒತ್ತಿದರೆ ಒಳಪಟ್ಟಿ ಬೇರೆಯಾಗುತ್ತದೆ. ಒಳಪಟ್ಟಿ ಡ್ರಾಯರಿಗೆ, ಉಳಿದ ಭಾಗ ಕ್ಯಾಬಿನೆಟ್ಟಿಗೆ.

ಎರಡು ಬದಿಯ ಎತ್ತರ ಸಮ ಬರಲು ಪೆನ್ಸಿಲ್ ಗೆರೆ ನಂಬಬೇಡಿ. ಪ್ಲೈ ಪಟ್ಟಿಯೊಂದನ್ನು ಬೇಕಾದ ಎತ್ತರಕ್ಕೆ ಕೊಯ್ದು ಒಳಗೆ ನಿಲ್ಲಿಸಿ, ಅದರ ಮೇಲೆ ಚಾನಲ್ ಇಟ್ಟು ಸ್ಕ್ರೂ ಹಾಕಿ. ಅದೇ ಪಟ್ಟಿ ಇನ್ನೊಂದು ಬದಿಗೂ. ಕ್ಯಾಬಿನೆಟ್ಟಿನ ಅಂಚನ್ನು ಮುಚ್ಚುವ ಮುಂಬಾಗಿಲಾದರೆ ಚಾನಲ್ಲಿನ ಮೂತಿ ಅಂಚಿನಿಂದ ಎರಡು ಮೂರು ಮಿ.ಮೀ. ಹಿಂದೆ ಇರಲಿ.

ಮೊದಲು ಉದ್ದ ತೂತುಗಳಿಗೆ ಮಾತ್ರ ಸ್ಕ್ರೂ. ಡ್ರಾಯರ್ ಹಾಕಿ, ಹತ್ತು ಸಲ ಎಳೆದು, ಆಚೀಚೆ ಸರಿಸಿ ಸರಿಯಾದ ಮೇಲೆಯೇ ದುಂಡು ತೂತುಗಳಿಗೆ. ಸ್ಕ್ರೂ ತಲೆ ಪಟ್ಟಿಗೆ ಸಮ ಕೂರಬೇಕು, ಇಲ್ಲದಿದ್ದರೆ ಒಳಗಿನ ಭಾಗ ಅದಕ್ಕೇ ತಾಗಿ ನಿಲ್ಲುತ್ತದೆ. 18 ಮಿ.ಮೀ. ಗೋಡೆಗೆ 16 ಮಿ.ಮೀ. ಸ್ಕ್ರೂ ನಡೆದೀತು, 12 ಮಿ.ಮೀ. ಡ್ರಾಯರ್ ಬದಿಗೆ ಅದೇ ಸ್ಕ್ರೂ ಹಾಕಿದರೆ ಮೊನೆ ಒಳಗೆ ಬಂದು ಕೈ ಗೀರುತ್ತದೆ. ಮುಂಬಾಗಿಲು ಎಲ್ಲಕ್ಕಿಂತ ಕೊನೆಗೆ.

ಎಲ್ಲಕ್ಕಿಂತ ಮುಖ್ಯ, ಡ್ರಾಯರ್ ಯಾರಿಗಾಗಿಯೋ ಅವರ ಕೈಯಲ್ಲೇ ಎಳೆಸಿ ನೋಡಿ. ನಾನು ಮೊದಲ ಸಲ ಅದನ್ನು ಮಾಡಿರಲಿಲ್ಲ. ಬಂದವರಿಗೆಲ್ಲ ತೋರಿಸಿದ್ದೆ, ಅವ್ವನನ್ನು ಮಾತ್ರ ಕೇಳಿರಲಿಲ್ಲ.

ಈ ಸಲ ಅವಳನ್ನು ಮಂಚದ ಮೇಲೆ ಕೂರಿಸಿ, "ಎಳಿಯವ್ವಾ" ಅಂದೆ. ಅಳುಕುತ್ತಲೇ ಎರಡು ಕೈ ಹಾಕಿದಳು. ಡ್ರಾಯರ್ ಸರ್ರನೆ ಪೂರ್ತಿ ಹೊರಗೆ ಬಂದು ಅವಳ ಮೊಣಕಾಲಿಗೆ ತಾಗಿತು. "ಹಗೂರ ಬಂತಲ್ಲೋ!" ಎಂದು ಒಂದೇ ಬೆರಳಲ್ಲಿ ಒಳಗೆ ನೂಕಿದಳು. ಮತ್ತೆ ಎಳೆದಳು. "ನಿಮ್ಮಪ್ಪ ಇದ್ದಿದ್ರ ಇದಕ್ಕೂ ಮೇಣಬತ್ತಿ ತಿಕ್ಕತಿದ್ರು" ಎಂದು ನಕ್ಕಳು.

ಮರುದಿನ ಬೆಳಿಗ್ಗೆ ನನ್ನ ಉಪ್ಪಿಟ್ಟು ಬಂದದ್ದು ಆ ಸ್ಟೀಲ್ ತಟ್ಟೆಯಲ್ಲಿ.