ಪಟ್ಟಿಯಲ್ಲಿ ಇಲ್ಲದವರು

ಆಗಸ್ಟ್ ಬಂತೆಂದರೆ ಇಲ್ಲಿ ಮಲೇಷ್ಯಾದ ಕನ್ನಡಿಗರ ಮೊಬೈಲುಗಳಲ್ಲಿ ಒಂದು ಪಟ್ಟಿ ತಪ್ಪದೆ ಸುತ್ತು ಹಾಕುತ್ತದೆ: ‘ಭಾರತಕ್ಕಾಗಿ ದುಡಿದ ವಿದೇಶಿಯರು’. ಆನಿ ಬೆಸೆಂಟ್, ಸಿ.ಎಫ್. ಆಂಡ್ರೂಸ್, ಮೀರಾಬೆನ್, ನಿವೇದಿತಾ. ಎಲ್ಲರೂ ದೊಡ್ಡವರೇ, ತಕರಾರಿಲ್ಲ. ಆದರೆ ಎಲ್ಲರೂ ಬಿಳಿಯರೇ ಏಕೆ? ನಿಲಾಯ್‌ನಲ್ಲಿ ಕೂತು ಓದುವವರಿಗಾದರೂ ಈ ಪ್ರಶ್ನೆ ಏಳಬೇಕು. ಇವತ್ತು ಕಾಲೇಜುಗಳಿಗೆ, ಬಟ್ಟೆಯ ಸಗಟು ಅಂಗಡಿಗಳಿಗೆ ಹೆಸರಾದ ಈ ಊರಿನ ಸುತ್ತ ಮೊದಲು ಇದ್ದದ್ದು ರಬ್ಬರ್ ತೋಟಗಳು. ಭಾರತದ ನೆಲವನ್ನೇ ಮೆಟ್ಟದ ಹುಡುಗಿಯರು ಭಾರತಕ್ಕಾಗಿ ಬಂದೂಕು ಹಿಡಿದು ಹೊರಟದ್ದು ಮಲಯಾದ ಇಂಥ ತೋಟಗಳ ಲೈನುಮನೆಗಳಿಂದ.

ಆಳುವವರ ಮನೆಯಿಂದ ಬಂದು ಬೆನ್ನು ತಟ್ಟಿದವರ ಮೇಲೆ ನಮಗೆ ಮಮತೆ ಒಂದು ತೂಕ ಹೆಚ್ಚು. ಅದರಲ್ಲಿ ಕೃತಜ್ಞತೆಗಿಂತ ಸರ್ಟಿಫಿಕೇಟಿನ ಆಸೆಯೇ ಜಾಸ್ತಿ ಎಂಬುದು ನನ್ನ ಗುಮಾನಿ.

ಇದಕ್ಕೆ ಗಟ್ಟಿಯಾದ ಉತ್ತರವೊಂದಿದೆ, ಅದನ್ನು ತಳ್ಳಿಹಾಕಲಾರೆ. ಭಾರತೀಯರಿಗೆ ತಮ್ಮನ್ನು ತಾವು ಆಳಿಕೊಳ್ಳಲು ಬಾರದು ಎಂಬ ವಾದವನ್ನು ಭಾರತೀಯ ಅಲ್ಲಗಳೆದರೆ ಅದು ರಾಜದ್ರೋಹ. ಬಿಳಿಯನೇ ಅಲ್ಲಗಳೆದರೆ ಪಶ್ಚಿಮದಲ್ಲಿ ನಾಲ್ಕು ಜನ ಕಿವಿಗೊಡುತ್ತಿದ್ದರು. ನಮ್ಮ ಹುಬ್ಬಳ್ಳಿಯ ನಾ.ಸು. ಹರ್ಡೀಕರರು ಅಮೆರಿಕದಲ್ಲಿ ಲಾಲಾ ಲಜಪತರಾಯರ ಜೊತೆ ದುಡಿಯುತ್ತಿದ್ದಾಗ, ಪಾದ್ರಿ ಜೆ.ಟಿ. ಸಂಡರ್‌ಲೆಂಡ್‌ರಂಥವರ ಬೆಂಬಲ ಆ ಕೆಲಸಕ್ಕೆ ದೊಡ್ಡ ಬಲವಾಗಿತ್ತು. ಸಂಡರ್‌ಲೆಂಡ್ ಭಾರತದ ಪರವಾಗಿ ಬರೆದ ಪುಸ್ತಕವನ್ನು ಬ್ರಿಟಿಷ್ ಸರ್ಕಾರ ಭಾರತದಲ್ಲಿ ನಿಷೇಧಿಸಿತು. ಕೋಟಗಢದಲ್ಲಿ ಸೇಬು ನೆಟ್ಟ ಅಮೆರಿಕನ್ ಸ್ಯಾಮ್ಯುಯೆಲ್ ಸ್ಟೋಕ್ಸ್ 1921ರಲ್ಲಿ ಜೈಲು ಸೇರಿದರು. ತಮ್ಮವರಿಂದ ದೂರವಾಗುವುದು ಸಣ್ಣ ಬೆಲೆಯಲ್ಲ.

ಆದರೆ ಬೆಲೆ ತೆತ್ತವರೆಲ್ಲ ಪಟ್ಟಿಯಲ್ಲಿದ್ದಾರೆಯೇ? ಫಿಲಿಪ್ ಸ್ಪ್ರಾಟ್‌ನನ್ನು ನೋಡಿ. ಕೇಂಬ್ರಿಜ್‌ನಲ್ಲಿ ಓದಿದ ಈ ಇಂಗ್ಲಿಷ್ ತರುಣ ಬಂದದ್ದು ಭಾರತದ ಮೇಲಿನ ಪ್ರೀತಿಯಿಂದೇನಲ್ಲ. ಕಮ್ಯುನಿಸ್ಟ್ ಸಂಘಟನೆ ಕಳಿಸಿತು, ಬಂದ. 1929ರ ಮಾರ್ಚಿನಲ್ಲಿ ಮೀರತ್ ಪಿತೂರಿ ಮೊಕದ್ದಮೆಯಲ್ಲಿ ಸಿಕ್ಕಿಬಿದ್ದ. ವಿಚಾರಣೆ ವರ್ಷಗಟ್ಟಲೆ ಎಳೆದು 1933ರಲ್ಲಿ 12 ವರ್ಷಗಳ ಕರಿನೀರಿನ ಶಿಕ್ಷೆ ಬಿತ್ತು; ಮೇಲ್ಮನವಿಯಲ್ಲಿ ಅದು 2 ವರ್ಷಕ್ಕಿಳಿಯಿತು. 1934ರಲ್ಲಿ ಬಿಡುಗಡೆಯಾಯಿತು ಎನ್ನುವಷ್ಟರಲ್ಲಿ ಮತ್ತೆ ಹಿಡಿದು ಬೆಳಗಾವಿಯ ಕೋಟೆಯಲ್ಲಿಟ್ಟರು. ಅಲ್ಲಿಂದ ಹೊರಬಂದದ್ದು 1936ರಲ್ಲಿ. ಊರಿಗೆ ಮರಳುವ ಬದಲು ಮದರಾಸಿನ ಕಮ್ಯುನಿಸ್ಟ್ ಮುಖಂಡ ಸಿಂಗಾರವೇಲು ಚೆಟ್ಟಿಯಾರರ ಬಂಧುಬಳಗದ ಸೀತಾ ಎಂಬಾಕೆಯನ್ನು ಮದುವೆಯಾದ. ಬೆಂಗಳೂರಿನಲ್ಲಿ ನೆಲೆಸಿ ‘ಮೈಸಿಂಡಿಯಾ’ ವಾರಪತ್ರಿಕೆಯನ್ನು ಸಂಪಾದಿಸಿದ. ಅಷ್ಟರಲ್ಲಿ ಕಮ್ಯುನಿಸಂ ಬಿಟ್ಟು ಅದರ ಕಡುವೈರಿಯಾಗಿದ್ದ, ನೆಹರೂ ಅವರನ್ನೂ ಬಿಡದೆ ಟೀಕಿಸುತ್ತಿದ್ದ. 1971ರಲ್ಲಿ ಮದರಾಸಿನಲ್ಲೇ ತೀರಿಕೊಂಡ. ಎಡದವರಿಗೆ ದ್ರೋಹಿ, ಕಾಂಗ್ರೆಸ್ಸಿಗರಿಗೆ ಕಿರಿಕಿರಿ. ಹಾರ ಹಾಕಲು ಯಾರಿಗೂ ಅನುಕೂಲವಿಲ್ಲದ ಫೋಟೊ. ಬಂದ ಕಾರಣ ಒಂದು, ಉಳಿದ ಕಾರಣ ಇನ್ನೊಂದು ಎಂಬ ಈ ಮನುಷ್ಯ ನನಗೆ ಮಾತ್ರ ಎಷ್ಟೋ ಭಕ್ತರಿಗಿಂತ ಹತ್ತಿರದವನು.

ಸ್ಪ್ರಾಟ್‌ನ ಕಥೆ ಮನಸ್ಸಿನಲ್ಲಿದ್ದರೆ ಮಲಯಾದ ಹುಡುಗಿಯರ ಬಗ್ಗೆ ಎತ್ತುವ ಆಕ್ಷೇಪಗಳನ್ನು ಎದುರಿಸುವುದು ಸುಲಭ. ಅವರು ರಕ್ತದಿಂದ ಭಾರತೀಯರೇ, ವಿದೇಶಿಯರು ಹೇಗಾದಾರು ಎನ್ನುವವರು, ಅದೇ ರಕ್ತದವರು ಕೆಲಸದ ಪರವಾನಗಿಗೆ ಅರ್ಜಿ ಹಾಕಲು ಬಂದಾಗ ಏನೆನ್ನುತ್ತಾರೋ ಕೇಳಬೇಕು. ಎರಡನೆಯ ಆಕ್ಷೇಪ ಗಂಭೀರವಾದದ್ದು. 1942–43ರಲ್ಲಿ ಜಪಾನೀಯರು ತೋಟದ ತಮಿಳರನ್ನು ಸಯಾಂ–ಬರ್ಮಾ ರೈಲುಹಾದಿಯ ಕೆಲಸಕ್ಕೆ ಸಾಗಿಸಿದರು. ಹೋದವರಲ್ಲಿ ಸಾವಿರಾರು ಜನ ತಿರುಗಿ ಬರಲಿಲ್ಲ. ಸಾವಿನಿಂದ, ಹಸಿವಿನಿಂದ ಪಾರಾಗಲು ಸುಭಾಷ್‌ಚಂದ್ರ ಬೋಸರ ಆಜಾದ್ ಹಿಂದ್ ಫೌಜಿಗೆ ಸೇರಿದವರೂ ಇದ್ದರು. ಇರಲಿ. ಶುದ್ಧ ಉದ್ದೇಶದ ಪರೀಕ್ಷೆಯನ್ನು ಕೇಂಬ್ರಿಜ್‌ನವನಿಗೆ ಇಡದೆ ರಬ್ಬರ್ ಹಾಲು ಇಳಿಸುವವಳಿಗೆ ಮಾತ್ರ ಇಡುವುದು ಯಾವ ನ್ಯಾಯ? ಕ್ವಾಲಾಲಂಪುರದಲ್ಲಿ ಹುಟ್ಟಿದ ಜಾನಕಿ ದೇವರ್ ಹಸಿವಿನಿಂದ ಹೊರಟವರಲ್ಲ, ಉಳ್ಳವರ ಮನೆಯ ಮಗಳು. ಸುಭಾಷರ ಭಾಷಣ ಕೇಳಿ ಕಿವಿಯ ಚಿನ್ನದ ಓಲೆ ಬಿಚ್ಚಿಕೊಟ್ಟರು. ಆಮೇಲೆ ಫೌಜಿನ ಹೆಂಗಸರ ಪಡೆಯಾದ ಝಾನ್ಸಿ ರಾಣಿ ದಳಕ್ಕೇ ಸೇರಿದರು. ದಳದ ಶಿಬಿರ ಸಿಂಗಪುರದಲ್ಲಿ 1943ರ ಅಕ್ಟೋಬರಿನಲ್ಲಿ ತೆರೆಯಿತು. ಸುಖದಲ್ಲಿ ಬೆಳೆದ ಹುಡುಗಿಗೆ ಅಲ್ಲಿನ ಊಟವೂ ಕವಾಯತೂ ಒಗ್ಗಲು ಹೊತ್ತು ಹಿಡಿಯಿತು. 1945ರಲ್ಲಿ ರಂಗೂನಿನಿಂದ ಹಿಂದೆ ಸರಿಯುವಾಗ ಮಳೆ, ಕೆಸರು, ವಿಮಾನ ದಾಳಿಗಳ ನಡುವೆ ಆ ಹುಡುಗಿಯರು ಮೈಲಿಗಟ್ಟಲೆ ನಡೆದರು.

ಹಾಗಾದರೆ ಜಪಾನೀಯರೂ ಭಾರತದ ಮಿತ್ರರೇ? ಅಲೋರ್ ಸೆತಾರ್‌ನಲ್ಲಿ ಫೌಜು ಕಟ್ಟಲು ಮೋಹನ್ ಸಿಂಗರನ್ನು ಒಲಿಸಿಕೊಂಡ ಜಪಾನಿ ಸೇನೆಯ ಮೇಜರ್ ಫುಜಿವಾರ ಪ್ರಾಮಾಣಿಕನಾಗಿದ್ದ ಎಂದು ಅವನ ಜೊತೆ ಕೆಲಸ ಮಾಡಿದ ಭಾರತೀಯರೇ ನಂಬಿದ್ದರು; ನಾನೂ ನಂಬುತ್ತೇನೆ. ಆದರೆ ಅವನ ಹಿಂದಿದ್ದ ಸೇನೆ 1942ರ ಮಾರ್ಚಿನಲ್ಲಿ ಇದೇ ನೆಗೆರಿ ಸೆಂಬಿಲಾನ್ ರಾಜ್ಯದ ಕ್ವಾಲಾ ಪಿಲಾ ಬಳಿಯ ಪಾರಿತ್ ತಿಂಗಿಯಲ್ಲಿ ಚೀನೀ ಹಳ್ಳಿಗರನ್ನು, ಮಕ್ಕಳು ಮುದುಕರೆನ್ನದೆ ಕೊಂದಿತು. ತನ್ನ ಪ್ರಾಣವನ್ನು ಪಣಕ್ಕಿಡುವವನೂ ಬೇರೆಯವರ ಪ್ರಾಣವನ್ನು ಪಣಕ್ಕಿಟ್ಟು ನೆರವಾಗುವ ಸರ್ಕಾರವೂ ಒಂದೇ ಪಟ್ಟಿಯಲ್ಲಿ ಕೂರಲಾರವು. ಚೀನೀ ನೆರೆಯವರು ಫೌಜಿನ ಹೆಸರು ಕೇಳಿ ಮುಖ ಬಿಗಿಹಿಡಿದರೆ ಅದಕ್ಕೆ ಕಾರಣವಿದೆ. ಜಾನಕಿಯವರ ಧೈರ್ಯವನ್ನು ಕೊಂಡಾಡುವಾಗ ಪಾರಿತ್ ತಿಂಗಿಯನ್ನು ನುಂಗಿಕೊಳ್ಳುವ ಹಕ್ಕು ನಮಗಿಲ್ಲ.

ಯುದ್ಧ ಮುಗಿದ ಮೇಲೆ ಮಲಯಾದ ಹುಡುಗಿಯರು ಮಲಯಾಕ್ಕೇ ಮರಳಿದರು. ಜಾನಕಿ 1946ರಲ್ಲಿ ಮಲಯನ್ ಇಂಡಿಯನ್ ಕಾಂಗ್ರೆಸ್ ಕಟ್ಟಿದವರಲ್ಲಿ ಒಬ್ಬರಾದರು, ಮುಂದೆ ಮಲೇಷ್ಯಾದ ಸೆನೆಟ್ಟಿನಲ್ಲಿ ಕೂತರು. ಭಾರತದ ಪದ್ಮಶ್ರೀ ಅವರನ್ನು ಮುಟ್ಟಿದ್ದು 2000ದಲ್ಲಿ. ಅದೇ ದಳದ ರಾಸಮ್ಮಾ ಭೂಪಾಲನ್ ಶಿಕ್ಷಕಿಯಾಗಿ, ಹೆಂಗಸರಿಗೂ ಗಂಡಸರಷ್ಟೇ ಸಂಬಳ ಸಿಗಬೇಕೆಂದು ಶಿಕ್ಷಕಿಯರ ಸಂಘ ಕಟ್ಟಿ ಹೋರಾಡಿದರು. ದಿಲ್ಲಿಯಲ್ಲಿ ಬ್ರಿಟಿಷರ ಧ್ವಜ ಇಳಿದಾಗ ಇವರಿದ್ದ ನೆಲದಲ್ಲಿ ಅದು ಹಾರುತ್ತಲೇ ಇತ್ತು. ಅದನ್ನು ಇಳಿಸಲು 1957ರ ಆಗಸ್ಟ್ 31 ಬರಬೇಕಾಯಿತು.