ಪ್ರಯೋಗಾಲಯಕ್ಕೆ ಬೀಜ ಕೊಟ್ಟವರ ಪಾಲೆಲ್ಲಿ?

2001ರಲ್ಲಿ ಕರ್ನಾಟಕ ಸರ್ಕಾರವು ಜೈವಿಕ ತಂತ್ರಜ್ಞಾನ ನೀತಿಯನ್ನು ಪ್ರಕಟಿಸಿತು. ಅಂದಿನಿಂದ ಬೆಂಗಳೂರಿನಲ್ಲಿ ಬೆಳೆದ ಈ ಉದ್ಯಮದ ಏಳಿಗೆಯನ್ನು ಪ್ರಯೋಗಾಲಯಗಳ ಚದರಡಿಯಲ್ಲಿ ಅಳೆಯಲಾಗುತ್ತಿದೆ. ಆದರೆ ಅಲ್ಲಿ ಸಂಶೋಧನೆಗೊಳಗಾಗುವ ತಳಿ, ಮೂಲಿಕೆಗಳನ್ನು ತಲೆಮಾರುಗಳಿಂದ ಕಾಯ್ದುಕೊಂಡು ಬಂದವರು ಯಾರು? ಬಿಟಿ ಬದನೆಗಾಗಿ ಕರ್ನಾಟಕದ ಸ್ಥಳೀಯ ತಳಿಗಳನ್ನು ಅನುಮತಿಯಿಲ್ಲದೆ ಬಳಸಲಾಗಿದೆಯೆಂಬ ದೂರಿನ ಮೇಲೆ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರವು 2011ರಲ್ಲಿ ಕಾನೂನುಕ್ರಮಕ್ಕೆ ತೀರ್ಮಾನಿಸಿದ್ದನ್ನು ಮರೆಯಲಾಗದು. 2002ರ ಜೀವವೈವಿಧ್ಯ ಕಾಯ್ದೆಯಲ್ಲಿದ್ದ ಸೆರೆವಾಸದ ಶಿಕ್ಷೆಯನ್ನು 2023ರ ತಿದ್ದುಪಡಿಯು ತೆಗೆದುಹಾಕಿ ದಂಡವನ್ನಷ್ಟೇ ಉಳಿಸಿದೆ. ದೊಡ್ಡ ಉದ್ಯಮಕ್ಕೆ ದಂಡವೆಂಬುದು ಇನ್ನೊಂದು ಖರ್ಚು ಮಾತ್ರ. ಆದ್ದರಿಂದ ಪ್ರತಿ ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯೂ ಕಾಗದದಿಂದ ಎದ್ದು ಬರಬೇಕು. ವಿದ್ಯಾರ್ಥಿಗಳು ಊರಿನ ಹಿರಿಯರ ಬಳಿ ಕುಳಿತು ತಳಿ, ಮೂಲಿಕೆಗಳನ್ನು ದಾಖಲಿಸಬೇಕು. ದಾಖಲೆಯಿಲ್ಲದ ಊರಿಗೆ ಪಾಲು ಕೇಳಲು ಬಾಯಿಯೂ ಇರುವುದಿಲ್ಲ.